ನೇರಳೆ, ಕೌಳಿ, ಮುರುಗಲು: ಕೊಯ್ದ ಮೇಲೆ ಸತ್ವ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನಾವು ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಸ್ವಸಹಾಯ ಸಂಘದ ಸದಸ್ಯೆಯರು. ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ ನಮ್ಮ ಬೇಣ, ಬೆಟ್ಟ ಮತ್ತು ತೋಟದ ಅಂಚಿನಲ್ಲಿ ಸಿಗುವ ಕೌಳಿ (ಕರಂಡೆ), ಮುರುಗಲು (ಕೋಕಂ) ಮತ್ತು ನೇರಳೆ ಹಣ್ಣುಗಳನ್ನು ತಂದು ಜಾಮ್, ಶರಬತ್ತು ಮಾಡಿ ಮಾರುತ್ತೇವೆ. ಕಳೆದ ವರ್ಷ ಹೆಚ್ಚಾದ ನೇರಳೆಯನ್ನು ತೊಳೆದು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮನೆಯ ಫ್ರಿಜ್ಜಿನ ಫ್ರೀಜರಿನಲ್ಲಿ ಇಟ್ಟೆವು. ಹೊರಗೆ ತೆಗೆದ ಅರ್ಧ ದಿನದೊಳಗೆ ಹಣ್ಣು ಮೆತ್ತಗಾಗಿ ಕಂದು ಬಣ್ಣಕ್ಕೆ ತಿರುಗಿತು. ಫ್ರಿಜ್ಜಿನಲ್ಲಿಟ್ಟ ಹಣ್ಣಿನ ಆಂಟಿಆಕ್ಸಿಡೆಂಟ್ ಎರಡೇ ದಿನದಲ್ಲಿ ಸಾಯುತ್ತದೆ ಎಂದು ಒಬ್ಬರು ಹೇಳಿದರು. ಒಣಗಿಸಿದರೆ ನಾಲ್ಕು ಪಟ್ಟು ಹೆಚ್ಚಾಗುತ್ತದೆ ಎಂದು ಇನ್ನೊಬ್ಬರು ಹೇಳಿದರು. ಜೇನಿನಲ್ಲಿ ಹಾಕಿಡಿ ಎನ್ನುವವರೂ ಇದ್ದಾರೆ. ಯಾವುದನ್ನು ನಂಬಬೇಕು? ಸಂಘದಲ್ಲಿ ಒಂದು ಡೀಪ್ ಫ್ರೀಜರ್ ಕೊಳ್ಳುವಷ್ಟು ಹಣವಿದೆ, ಊರಿನಲ್ಲಿ ಅಡಿಕೆ ಡ್ರೈಯರ್ ಇದೆ. ಬಾಟಲಿಯ ಮೇಲೆ ‘ಆಂಟಿಆಕ್ಸಿಡೆಂಟ್ ಸಮೃದ್ಧ’ ಎಂದು ಮುದ್ರಿಸಬಹುದೇ? ಕಳೆದ ವರ್ಷದ ಕಂದಾದ ತಿರುಳು ಇನ್ನೂ ಫ್ರೀಜರಿನಲ್ಲಿದೆ, ಅದನ್ನು ಬಳಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ ಎಂದು ನಾನು ಭಾವಿಸುತ್ತೇನೆ: ಕಷ್ಟಪಟ್ಟು ಆರಿಸಿ ತಂದ ಹಣ್ಣನ್ನು ಇಟ್ಟುಕೊಂಡರೆ, ಗ್ರಾಹಕರ ಕೈ ಸೇರುವ ಹೊತ್ತಿಗೆ ಅದರಲ್ಲಿ ಹೆಸರಿಗೆ ತಕ್ಕ ಸತ್ವ ಉಳಿದಿರುತ್ತದೆಯೇ ಎಂಬುದು. ಉಳಿಯುತ್ತದೆ, ಸಾಕಷ್ಟು ಉಳಿಯುತ್ತದೆ. ಆದರೆ ಕೊಯ್ಲೋತ್ತರ ಕೆಲಸದಲ್ಲಿ ಇಷ್ಟು ವರ್ಷ ತೊಡಗಿಕೊಂಡ ಮೇಲೆ ನಾನು ಖಚಿತವಾಗಿ ಹೇಳಬಲ್ಲದ್ದೇನೆಂದರೆ, ಜನರು ಫ್ರಿಜ್ಜಿನ ಮೇಲೆ ಹೊರಿಸುವ ನಷ್ಟದ ದೊಡ್ಡ ಪಾಲು ಹಣ್ಣು ಫ್ರಿಜ್ಜಿಗೆ ಹೋಗುವ ಮುಂಚಿನ ಕೆಲವು ಗಂಟೆಗಳಲ್ಲಿ ಮತ್ತು ಅಲ್ಲಿಂದ ಹೊರಗೆ ಬಂದ ನಂತರದ ಕೆಲವು ಗಂಟೆಗಳಲ್ಲಿ ಆಗುತ್ತದೆ.

ಮೊದಲು ಆಂಟಿಆಕ್ಸಿಡೆಂಟ್ ಎಂಬುದರ ಬಗ್ಗೆ. ಅದು ಒಂದೇ ವಸ್ತುವಲ್ಲ. ಸಿ ಜೀವಸತ್ವ, ಹಣ್ಣಿಗೆ ಕೆಂಪು ಮತ್ತು ನೇರಳೆ ಬಣ್ಣ ಕೊಡುವ ಆಂಥೋಸಯನಿನ್‌ಗಳು, ನಾಲಿಗೆಗೆ ಒಗರಾಗಿ ತಾಗುವ ಟ್ಯಾನಿನ್‌ಗಳು, ಇವೆಲ್ಲ ಆ ಒಂದೇ ಹೆಸರಿನ ಅಡಿಯಲ್ಲಿ ಬರುತ್ತವೆ, ಮತ್ತು ಇವುಗಳ ಬಾಳಿಕೆ ಒಂದರಂತೆ ಇನ್ನೊಂದರದ್ದಲ್ಲ. ಸಿ ಜೀವಸತ್ವ ಬಹಳ ಸೂಕ್ಷ್ಮ. ಗಾಳಿ, ಬಿಸಿ, ತಾಮ್ರದ ಸಂಪರ್ಕ ಯಾವುದೂ ಅದಕ್ಕೆ ಆಗುವುದಿಲ್ಲ. ಆಂಥೋಸಯನಿನ್ ಹಣ್ಣು ಇಡಿಯಾಗಿರುವವರೆಗೆ ತಕ್ಕಮಟ್ಟಿಗೆ ಗಟ್ಟಿ, ಹಣ್ಣು ಜಜ್ಜಿಹೋದ ಮೇಲೆ ದುರ್ಬಲ. ಟ್ಯಾನಿನ್‌ಗಳು ಇವೆರಡಕ್ಕಿಂತ ಹೆಚ್ಚು ಕಾಲ ಉಳಿಯುತ್ತವೆ. ನೆಲ್ಲಿಕಾಯಿಯ ಹಿರಿಮೆ ಸಿ ಜೀವಸತ್ವ ಮತ್ತು ಟ್ಯಾನಿನ್‌ನಲ್ಲಿದೆ. ನೇರಳೆಯಲ್ಲಿ ಸಿ ಜೀವಸತ್ವ ಹೇಳಿಕೊಳ್ಳುವಷ್ಟಿಲ್ಲ, ಅದರ ಸಂಪತ್ತು ಬಹುಮಟ್ಟಿಗೆ ಸಿಪ್ಪೆಯ ಬಣ್ಣದಲ್ಲಿದೆ. ಮುರುಗಲಿನ ಸಿಪ್ಪೆಯಲ್ಲಿ ಬಣ್ಣದ ಜೊತೆಗೆ ಗಾರ್ಸಿನಾಲ್ ಎಂಬ ಇನ್ನೊಂದು ಸಂಯುಕ್ತವೂ ಇದೆ. ಆದ್ದರಿಂದ ಯಾವ ವಿಧಾನ ಒಳ್ಳೆಯದು ಎಂಬ ಪ್ರಶ್ನೆಗೆ ಹಣ್ಣಿನ ಹೆಸರು ಹೇಳದೆ ಉತ್ತರ ಕೊಡಲು ಬರುವುದಿಲ್ಲ.

ಫ್ರಿಜ್ಜಿನಲ್ಲಿ ಎರಡು ದಿನಕ್ಕೆ ಎಲ್ಲವೂ ಸಾಯುತ್ತದೆ ಎಂಬ ಮಾತು ಸರಿಯಲ್ಲ. 1999ರಲ್ಲಿ ಪ್ರಕಟವಾದ, ಈ ವಿಷಯದಲ್ಲಿ ಇಂದಿಗೂ ಉಲ್ಲೇಖಿಸಲಾಗುವ ಒಂದು ಅಧ್ಯಯನದಲ್ಲಿ ಸ್ಟ್ರಾಬೆರಿ, ರಾಸ್‌ಬೆರಿ ಮತ್ತು ಬ್ಲೂಬೆರಿಗಳನ್ನು 0, 10, 20 ಮತ್ತು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 8 ದಿನಗಳವರೆಗೆ ಇಟ್ಟು ನೋಡಲಾಯಿತು. ಸ್ಟ್ರಾಬೆರಿಯಲ್ಲಿ, ಸ್ವಲ್ಪ ಮಟ್ಟಿಗೆ ರಾಸ್‌ಬೆರಿಯಲ್ಲಿಯೂ, ಇಟ್ಟ ಅವಧಿಯಲ್ಲಿ ಆಂಥೋಸಯನಿನ್ ಹೆಚ್ಚಾಯಿತು, ಅದರೊಂದಿಗೆ ಆಂಟಿಆಕ್ಸಿಡೆಂಟ್ ಸಾಮರ್ಥ್ಯವೂ ಏರಿತು. ಕೊಯ್ದ ಹಣ್ಣು ಇನ್ನೂ ಜೀವಂತ ಅಂಗಾಂಶವಾಗಿದ್ದು, ಬಣ್ಣ ಕಟ್ಟುವ ಕೆಲಸವನ್ನು ಸ್ವಲ್ಪ ಕಾಲ ಮುಂದುವರಿಸುತ್ತದೆ. ಅವು ಶೀತ ದೇಶದ ಹಣ್ಣುಗಳು, ಅವುಗಳ ಅಂಕಿಗಳನ್ನು ನಮ್ಮ ನೇರಳೆಗೆ ಅಂಟಿಸುವುದು ತಪ್ಪು. ಬಿಸಿಯಲ್ಲಿ ಇಟ್ಟರೆ ಸತ್ವ ಹೆಚ್ಚುತ್ತದೆ ಎಂದು ಓದಿಕೊಳ್ಳುವುದು ಇನ್ನೂ ದೊಡ್ಡ ತಪ್ಪು, ಏಕೆಂದರೆ ಬಿಸಿಯಲ್ಲಿ ಹಣ್ಣು ಅದಕ್ಕೆ ಮೊದಲೇ ಕೊಳೆಯುತ್ತದೆ. ಆದರೆ ತಂಪಿನಲ್ಲಿಟ್ಟ ಇಡೀ ಹಣ್ಣಿನ ಬಣ್ಣದ ಸತ್ವ ಒಂದೆರಡು ದಿನದಲ್ಲಿ ಮಾಯವಾಗುವುದಿಲ್ಲ ಎಂಬಷ್ಟನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ಬಹುತೇಕ ಕಾಡುಹಣ್ಣುಗಳಲ್ಲಿ ರುಚಿ ಮತ್ತು ಶುಚಿ ಕೆಡುವುದು ಮೊದಲು, ಬಣ್ಣದ ಸತ್ವ ಹೋಗುವುದು ಆಮೇಲೆ.

ಒಣಗಿಸಿದರೆ ನಾಲ್ಕು ಪಟ್ಟು ಎಂಬ ಮಾತಿನ ಲೆಕ್ಕವನ್ನು ಸ್ವಲ್ಪ ವಿವರವಾಗಿಯೇ ನೋಡೋಣ, ಏಕೆಂದರೆ ಇದು ಮಾರುಕಟ್ಟೆಯಲ್ಲಿ ತುಂಬಾ ಓಡಾಡುತ್ತಿದೆ. ನೇರಳೆಯ ತಿರುಳಿನಲ್ಲಿ ಸುಮಾರು 84 ಭಾಗ ನೀರು, 16 ಭಾಗ ಘನಾಂಶ ಎಂದು ಇಟ್ಟುಕೊಳ್ಳಿ. ಅದನ್ನು 12 ಭಾಗ ತೇವಾಂಶಕ್ಕೆ ಇಳಿಸಿದರೆ 100 ಗ್ರಾಂ ಒಣ ತಿರುಳಿನಲ್ಲಿ 88 ಗ್ರಾಂ ಘನಾಂಶ ಇರುತ್ತದೆ. ಅಂದರೆ ಏನೂ ನಷ್ಟವಾಗದಿದ್ದರೆ ಪ್ರತಿ 100 ಗ್ರಾಂ ಲೆಕ್ಕದಲ್ಲಿ ಪ್ರತಿಯೊಂದು ಸತ್ವವೂ ಐದೂವರೆ ಪಟ್ಟು ಕಾಣಬೇಕಿತ್ತು. ನಾಲ್ಕು ಪಟ್ಟು ಮಾತ್ರ ಕಂಡಿತು ಎಂದರೆ ಕಾಲು ಭಾಗಕ್ಕಿಂತ ಹೆಚ್ಚು ಕಳೆದುಹೋಗಿದೆ ಎಂದೇ ಅರ್ಥ. ಹೆಚ್ಚಾಯಿತು ಎಂದು ಸಂಭ್ರಮಪಡುವ ಅಂಕಿ ವಾಸ್ತವದಲ್ಲಿ ನಷ್ಟದ ಅಂಕಿ. ಬಾಡಿದ ಹಣ್ಣಿನ ವಿಷಯದಲ್ಲಿಯೂ ಹೀಗೆಯೇ: ನೀರು ಆರಿದಾಗ ಪರೀಕ್ಷೆಯ ಅಂಕಿ ಏರುತ್ತದೆ, ಹಣ್ಣಿನೊಳಗಿನ ಒಟ್ಟು ಸತ್ವ ಏರಿರುವುದಿಲ್ಲ. ಯಾರಾದರೂ ಇಂಥ ಅಂಕಿ ತೋರಿಸಿದರೆ, ಅದು ಹಸಿ ತೂಕದ ಮೇಲಿನದೋ ಒಣ ತೂಕದ ಮೇಲಿನದೋ ಎಂದು ಕೇಳಿ.

ಜೇನಿನ ಸಲಹೆಯನ್ನು ಬೇಗ ಮುಗಿಸುತ್ತೇನೆ. ಜೇನು ಕೆಡದೆ ಇರುವುದು ಅದರಲ್ಲಿ ನೀರು ಬಹಳ ಕಡಿಮೆ ಇರುವುದರಿಂದ. ರಸಭರಿತ ಹಣ್ಣು ಹಾಕಿದೊಡನೆ ಹಣ್ಣಿನ ನೀರು ಜೇನಿಗೆ ಇಳಿಯುತ್ತದೆ, ತೇವಾಂಶ 20 ಭಾಗ ದಾಟಿದರೆ ಜೇನು ಹುಳಿಯಲು ಶುರುವಾಗುತ್ತದೆ. ಚೆನ್ನಾಗಿ ಒಣಗಿದ ಹಣ್ಣಾದರೆ ಮಾತು ಬೇರೆ. ಹಸಿ ನೇರಳೆಯನ್ನು ಜೇನಿನಲ್ಲಿ ಹಾಕಿ ಎರಡನ್ನೂ ಕಳೆದುಕೊಳ್ಳಬೇಡಿ.

ಈಗ ನಿಮ್ಮ ನೇರಳೆ ಕಂದಾದದ್ದು ಏಕೆ ಎಂಬುದಕ್ಕೆ ಬರುತ್ತೇನೆ. ಹಣ್ಣಿನ ಜೀವಕೋಶದಲ್ಲಿ ಬಣ್ಣ ಮತ್ತು ಇತರ ಫೀನಾಲ್ ಸಂಯುಕ್ತಗಳು ಒಂದು ಕೋಣೆಯಲ್ಲಿ, ಅವುಗಳನ್ನು ಕಂದಾಗಿಸುವ ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವ ಇನ್ನೊಂದು ಕೋಣೆಯಲ್ಲಿ ಇರುತ್ತವೆ. ಮನೆಯ ಫ್ರಿಜ್ಜಿನ ಸಣ್ಣ ಫ್ರೀಜರ್ ನಿಧಾನವಾಗಿ ಹೆಪ್ಪುಗಟ್ಟಿಸುತ್ತದೆ; ನಿಧಾನವಾದಷ್ಟೂ ಮಂಜಿನ ಹರಳು ದೊಡ್ಡದಾಗಿ ಬೆಳೆದು ಈ ಗೋಡೆಗಳನ್ನೆಲ್ಲ ಸೀಳುತ್ತದೆ. ಹೆಪ್ಪುಗಟ್ಟಿರುವಷ್ಟು ದಿನ ಕಿಣ್ವ ಬಹುಮಟ್ಟಿಗೆ ಸುಮ್ಮನಿರುತ್ತದೆ. ಹೊರಗಿಟ್ಟು ಕರಗಿದ ಕೂಡಲೇ ಕಿಣ್ವ, ಫೀನಾಲ್, ಗಾಳಿಯ ಆಮ್ಲಜನಕ ಮೂರೂ ಒಂದೆಡೆ ಸೇರುತ್ತವೆ. ಕಿಣ್ವ ಮೊದಲು ಬಣ್ಣವಿಲ್ಲದ ಫೀನಾಲ್‌ಗಳ ಮೇಲೆ ಕೆಲಸ ಮಾಡಿ ಕ್ವಿನೋನ್‌ಗಳನ್ನು ಹುಟ್ಟಿಸುತ್ತದೆ, ಆ ಕ್ವಿನೋನ್‌ಗಳು ಆಂಥೋಸಯನಿನ್ ಅನ್ನು ಹಾಳು ಮಾಡುತ್ತವೆ. ನೀವು ಕಂಡ ಕಂದು ಬಣ್ಣ ಇದರ ಫಲ. ಫ್ರೀಜರ್ ಇದಕ್ಕೆ ಅರ್ಧ ಕಾರಣ ಮಾತ್ರ, ಉಳಿದರ್ಧ ಹೊರಗಿಟ್ಟ ಆ ಅರ್ಧ ದಿನ.

ಬಣ್ಣಕ್ಕೆ ಸಂಬಂಧಿಸಿದ ಇನ್ನೊಂದು ಸಂಗತಿಯನ್ನು ನೀವು ನಿಮ್ಮ ಅಡುಗೆಮನೆಯಲ್ಲೇ ನೋಡಬಹುದು. ಮೂರು ಗಾಜಿನ ಲೋಟಗಳಲ್ಲಿ ಒಂದೊಂದು ಚಮಚ ನೇರಳೆ ರಸಕ್ಕೆ ನೀರು ಬೆರೆಸಿ, ಒಂದಕ್ಕೆ ನಿಂಬೆರಸವನ್ನೂ, ಇನ್ನೊಂದಕ್ಕೆ ಚಿಟಿಕೆ ಅಡುಗೆ ಸೋಡಾವನ್ನೂ ಹಾಕಿ, ಮೂರನೆಯದನ್ನು ಹಾಗೆಯೇ ಬಿಡಿ. ಹುಳಿ ಬಿದ್ದ ಲೋಟ ಉಜ್ವಲವಾದ ಕೆಂಪಿಗೆ ತಿರುಗುತ್ತದೆ, ಸೋಡಾ ಬಿದ್ದದ್ದು ನೀಲಿ ಹಸಿರು ಛಾಯೆಗೆ ಹೋಗಿ ಸ್ವಲ್ಪ ಹೊತ್ತಿನಲ್ಲಿ ಮಂಕಾಗುತ್ತದೆ. ಆಂಥೋಸಯನಿನ್ ಅತ್ಯಂತ ಸ್ಥಿರವಾಗಿರುವುದು ಪಿಎಚ್ 3ಕ್ಕಿಂತ ಕೆಳಗೆ, ಅಂದರೆ ಒಳ್ಳೆಯ ಹುಳಿಯಲ್ಲಿ. ಮುರುಗಲು ಸ್ವಭಾವತಃ ಅಷ್ಟು ಹುಳಿಯಾದ್ದರಿಂದ ಅದರ ಬಣ್ಣ ಬಾಳುತ್ತದೆ, ನೇರಳೆ ಅಷ್ಟು ಹುಳಿಯಲ್ಲದ ಕಾರಣ ಬೇಗ ಸೋಲುತ್ತದೆ. ನೇರಳೆ ತಿರುಳಿಗೆ ಸ್ವಲ್ಪ ಮುರುಗಲು ರಸ ಅಥವಾ ಸಿಟ್ರಿಕ್ ಆಮ್ಲ ಸೇರಿಸುವುದು ಬಣ್ಣಕ್ಕೂ ಸುರಕ್ಷತೆಗೂ ಒಳ್ಳೆಯದು. ಬಣ್ಣ ಉಳಿಯಲೆಂದು ಸಿ ಜೀವಸತ್ವದ ಪುಡಿ ಹಾಕುವವರಿದ್ದಾರೆ. ಹೋಳು ಮಾಡಿದ ಸೇಬಿಗೆ ಅದು ಸಹಾಯ ಮಾಡಬಹುದು, ಬಾಟಲಿಯಲ್ಲಿ ತಿಂಗಳುಗಟ್ಟಲೆ ಇಡುವ ಆಂಥೋಸಯನಿನ್ ರಸದಲ್ಲಿ ಅದೇ ಪುಡಿ ಬಣ್ಣವನ್ನು ಇನ್ನಷ್ಟು ಬೇಗ ಕೆಡಿಸುತ್ತದೆ.

ಇಷ್ಟು ತಿಳಿದ ಮೇಲೆ ಮರದ ಬುಡಕ್ಕೆ ಹೋಗೋಣ. ಕೊಯ್ದ ನೇರಳೆ ಹಣ್ಣೊಂದನ್ನು ಕೈಯಲ್ಲಿ ಹಿಡಿದು ತೊಟ್ಟು ಬಿಟ್ಟ ಜಾಗವನ್ನು ನೋಡಿ. ಹಣ್ಣನ್ನು ಎಳೆದು ಕಿತ್ತಿದ್ದರೆ ಅಲ್ಲಿ ಸಿಪ್ಪೆ ಒಂದಿಷ್ಟು ಹರಿದು ರಸ ಒಸರಿರುತ್ತದೆ. ರಾತ್ರಿ ಬುಟ್ಟಿಯಲ್ಲಿಟ್ಟ ಹಣ್ಣಿಗೆ ಬೆಳಿಗ್ಗೆ ಬಿಳಿ ಬೂಸಲು ಮೊದಲು ಕಾಣಿಸುವುದು ಅದೇ ಜಾಗದಲ್ಲಿ. ನೇರಳೆ ಕಿತ್ತ ಮೇಲೆ ಮಾಗುವ ಹಣ್ಣಲ್ಲ, ಆದ್ದರಿಂದ ಪೂರ್ತಿ ಕಪ್ಪಾದ ಮೇಲೆಯೇ ಕೊಯ್ಯಬೇಕು, ಆ ಹಂತದಲ್ಲಿ ಅದರ ಸಿಪ್ಪೆ ಬಹಳ ತೆಳ್ಳಗಿರುತ್ತದೆ. ಮರ ಅಲ್ಲಾಡಿಸಿ ನೆಲಕ್ಕೆ ಬೀಳಿಸಿದ ಹಣ್ಣನ್ನು ಇಡಲು ಯೋಚಿಸಲೇಬೇಡಿ, ಅದನ್ನು ಅಂದೇ ತಿರುಳು ಮಾಡಿ. ಇಡುವ ಹಣ್ಣಿಗೆ ಮರದ ಕೆಳಗೆ ನಾಲ್ಕು ಜನ ಹಳೆಯ ಸೀರೆ ಅಥವಾ ಬಲೆಯನ್ನು ನೆಲಕ್ಕೆ ತಾಗದಂತೆ ಹಿಡಿದುಕೊಳ್ಳಲಿ, ಕೈಗೆ ಎಟಕುವಷ್ಟನ್ನು ತೊಟ್ಟಿನ ಸಮೇತ ಗೊಂಚಲಾಗಿ ಕತ್ತರಿಸಲಿ. ಕೌಳಿಗೆ ಈ ತೊಂದರೆ ಕಡಿಮೆ, ಅದರ ಸಿಪ್ಪೆ ಗಟ್ಟಿ. ಕಿತ್ತಾಗ ಬರುವ ಬಿಳಿ ಹಾಲನ್ನು ತೊಳೆದು ತೆಗೆದರೆ ಸಾಕು.

ಕೊಯ್ಲಿನ ಹೊತ್ತು ಮತ್ತು ಪಾತ್ರೆ ಇನ್ನೂ ಮುಖ್ಯ. ಉಷ್ಣತೆ 10 ಡಿಗ್ರಿ ಏರಿದರೆ ಹಣ್ಣಿನ ಉಸಿರಾಟ ಎರಡರಿಂದ ಮೂರು ಪಟ್ಟಾಗುತ್ತದೆ, ಕೆಡುವ ವೇಗವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ಮೇ ತಿಂಗಳ ಮಧ್ಯಾಹ್ನ ಗೋಣಿಚೀಲದಲ್ಲಿ ತುಂಬಿ ಆಟೋದಲ್ಲಿ ಮನೆಗೆ ತಂದ ಹಣ್ಣಿನ ಚೀಲದ ನಡುವಿಗೆ ಕೈ ಹಾಕಿದರೆ ಬಿಸಿ ತಾಗುತ್ತದೆ, ಅದು ಹಣ್ಣು ತಾನೇ ಉಸಿರಾಡಿ ಹುಟ್ಟಿಸಿದ ಬಿಸಿಯೂ ಹೌದು. ಬೆಳಗಿನ ತಂಪಿನಲ್ಲಿ ಇಬ್ಬನಿ ಆರಿದ ಮೇಲೆ ಕೊಯ್ದು, ತೂತಿರುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ನಾಲ್ಕು ಬೆರಳು ದಪ್ಪಕ್ಕಿಂತ ಹೆಚ್ಚಿಲ್ಲದಂತೆ ಹರಡಿ, ತಳಕ್ಕೆ ಬಾಳೆ ಎಲೆ ಹಾಸಿ, ಆದಷ್ಟು ಬೇಗ ತಂಪಿನ ಜಾಗಕ್ಕೆ ಸೇರಿಸಿ. ಇಟ್ಟಿಗೆ ಮತ್ತು ಮರಳಿನ ನಡುವೆ ನೀರು ಹನಿಸಿ ತಂಪು ಮಾಡುವ ಶೂನ್ಯ ಶಕ್ತಿಯ ತಂಪು ಕೋಣೆಯನ್ನು ಹಲವರು ಸೂಚಿಸುತ್ತಾರೆ. ಒಣ ಹವೆಯ ಬಯಲುಸೀಮೆಯಲ್ಲಿ ಅದು ಒಳ್ಳೆಯ ಸಾಧನ, ನಮ್ಮಲ್ಲಿಯೂ ಏಪ್ರಿಲ್‌ನಲ್ಲಿ ಕೌಳಿ, ಮುರುಗಲಿಗೆ ಒಂದಷ್ಟು ನೆರವಾಗುತ್ತದೆ. ಆದರೆ ಅದು ಕೆಲಸ ಮಾಡುವುದು ನೀರು ಆವಿಯಾಗುವುದರಿಂದ; ರೋಹಿಣಿ ಮಳೆ ಹಿಡಿದು ಗಾಳಿಯೇ ನೀರಿನಿಂದ ತುಂಬಿರುವಾಗ, ಅಂದರೆ ನೇರಳೆಯ ಹಂಗಾಮಿನಲ್ಲೇ, ಅದು ತಂಪು ಮಾಡುವುದಿಲ್ಲ, ಬೂಸಲು ಮಾತ್ರ ಬೆಳೆಸುತ್ತದೆ.

ತಾಜಾ ಹಣ್ಣನ್ನು ಮಾರುವುದಾದರೆ ತೊಳೆಯದೆ, ಸಣ್ಣ ತೂತುಗಳಿರುವ ಚೀಲ ಅಥವಾ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿ ಇಡಿ, ತಿನ್ನುವ ಮುಂಚೆ ತೊಳೆಯಲು ಹೇಳಿ. ಬಾಯಿ ಬಿಗಿದ ಚೀಲದಲ್ಲಿ ಹಣ್ಣು ಬೆವರುತ್ತದೆ, ಉಸಿರಾಡಲು ಆಮ್ಲಜನಕ ಸಾಲದೆ ಹೆಂಡದ ವಾಸನೆ ಬರುತ್ತದೆ. ಹೊರಗಡೆ ಒಂದೆರಡು ದಿನ ಬಾಳುವ ನೇರಳೆ ಹೀಗೆ ಒಂದು ವಾರದ ಆಸುಪಾಸು ಬಾಳಬಹುದು, ಅದಕ್ಕಿಂತ ಹೆಚ್ಚಿನ ಭರವಸೆಯನ್ನು ಗ್ರಾಹಕರಿಗೆ ಕೊಡಬೇಡಿ. ಬೂಸಲು ಬಂದ ಹಣ್ಣನ್ನು ಆ ಭಾಗ ಕೆರೆದು ಜಾಮಿಗೆ ಹಾಕುವ ಪದ್ಧತಿ ಕೆಲವೆಡೆ ಇದೆ, ದಯವಿಟ್ಟು ಅದನ್ನು ಬಿಡಿ. ಕೆಲವು ಶಿಲೀಂಧ್ರಗಳ ವಿಷ ಕುದಿಸಿದರೂ ಹೋಗುವುದಿಲ್ಲ.

ಡೀಪ್ ಫ್ರೀಜರ್ ಕೊಳ್ಳುವ ನಿಮ್ಮ ಯೋಚನೆಯನ್ನು ನಾನು ಪೂರ್ಣವಾಗಿ ಬೆಂಬಲಿಸುತ್ತೇನೆ. ಹಂಗಾಮು ಮುಗಿದ ಮೇಲೂ ನೇರಳೆಯ ಬಣ್ಣದ ಸತ್ವವನ್ನು ತಿಂಗಳುಗಟ್ಟಲೆ ಉಳಿಸುವುದಕ್ಕೆ ಮೈನಸ್ 18 ಡಿಗ್ರಿಗಿಂತ ಒಳ್ಳೆಯ ಉಪಾಯ ನಿಮ್ಮ ಕೈಗೆಟಕುವಂಥದ್ದು ಬೇರೆ ಇಲ್ಲ. ಇಡೀ ಹಣ್ಣಾಗಿ ಇಡುವುದಾದರೆ ತೊಳೆದು, ಬಟ್ಟೆಯ ಮೇಲೆ ಹರಡಿ ನೀರು ಪೂರ್ತಿ ಆರಿಸಿ, ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರವಾಗಿ ಹೆಪ್ಪುಗಟ್ಟಿಸಿ, ಆಮೇಲೆ ಗಾಳಿ ಹೊರತೆಗೆದ ಅರ್ಧ ಅಥವಾ ಒಂದು ಕಿಲೋ ಪೊಟ್ಟಣಗಳಾಗಿ ಕಟ್ಟಿ. ಐದು ಕಿಲೋ ಹಸಿ ಹಣ್ಣನ್ನು ಒಂದೇ ಚೀಲದಲ್ಲಿ ತುಂಬಿದರೆ ನಡುವಿನ ಹಣ್ಣು ಹೆಪ್ಪುಗಟ್ಟಲು ದಿನವೇ ಬೇಕಾಗಬಹುದು. ಬಳಸುವಾಗ ಕರಗಿಸಲು ಹೊರಗಿಡದೆ, ಗಟ್ಟಿಯಾಗಿರುವಾಗಲೇ ಪಾತ್ರೆಗೆ ಹಾಕಿ ಬಿಸಿ ಮಾಡಿ; ಬಿಸಿ ಬೇಗ ಏರಿದರೆ ಕಿಣ್ವಕ್ಕೆ ಕೆಲಸ ಮಾಡಲು ಸಮಯ ಸಿಗುವುದಿಲ್ಲ.

ಇದಕ್ಕಿಂತಲೂ ನಾನು ನಿಮ್ಮ ಸಂಘಕ್ಕೆ ಹೇಳುವುದು ತಿರುಳಿನ ದಾರಿ. ಬಣ್ಣ ಸಿಪ್ಪೆಯಲ್ಲಿರುವುದರಿಂದ ಹಣ್ಣನ್ನು ತಣ್ಣಗೆ ಕಿವುಚಿ ಸೋಸಿದರೆ ಸತ್ವದ ಬಹುಭಾಗ ಚರಟದೊಂದಿಗೆ ಹೊರಗೆ ಹೋಗುತ್ತದೆ. ಹಣ್ಣಿಗೆ ಎರಡು ಮೂರು ನಿಮಿಷ ಹಬೆ ಕೊಟ್ಟು, ಬಿಸಿಯಾಗಿರುವಾಗಲೇ ಸಿಪ್ಪೆಸಹಿತ ಕಿವುಚಿ, ಬೀಜ ತೆಗೆದು ಜರಡಿ ಹಿಡಿಯಿರಿ. ತಿರುಳನ್ನು 85ರಿಂದ 90 ಡಿಗ್ರಿಗೆ ಏರಿಸಿ ಒಂದೆರಡು ನಿಮಿಷ ಇಟ್ಟು, ಪಾತ್ರೆಯನ್ನು ತಣ್ಣೀರಿನಲ್ಲಿ ಕೂರಿಸಿ ಬೇಗ ತಣಿಸಿ, ಪೊಟ್ಟಣ ಕಟ್ಟಿ ಹೆಪ್ಪುಗಟ್ಟಿಸಿ. ಬಿಸಿಯಿಂದ ಸ್ವಲ್ಪ ಸತ್ವ ಹೋಗುವುದು ನಿಜ. ಆದರೆ ಕಿಣ್ವ ಸತ್ತಿರುವುದರಿಂದ ಮುಂದೆ ಕರಗಿಸಿದಾಗ ನೀವು ಕಳೆದ ವರ್ಷ ಕಂಡ ಕಂದು ಬಣ್ಣ ಬರುವುದಿಲ್ಲ, ಒಟ್ಟು ಲೆಕ್ಕದಲ್ಲಿ ಲಾಭವೇ. ಒಂದು ಥರ್ಮಾಮೀಟರ್ ಕೊಳ್ಳಿ, ಕಣ್ಣಂದಾಜು ಸಾಲದು. ಪಾತ್ರೆ ಸ್ಟೀಲಿನದೇ ಇರಲಿ: ಕಬ್ಬಿಣದ ಬಾಣಲೆಯಲ್ಲಿ ಟ್ಯಾನಿನ್ ಸೇರಿ ರಸ ಕಪ್ಪಾಗುತ್ತದೆ, ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಿಂದ ಹುಳಿಗೆ ಲೋಹ ಇಳಿಯುತ್ತದೆ, ಅದು ಆರೋಗ್ಯಕ್ಕೂ ಕೆಡುಕು.

ಫ್ರೀಜರಿಗೆ ನಮ್ಮ ಕಡೆ ಇರುವ ಅಪಾಯ ಮಳೆಗಾಲದ ಕರೆಂಟು. ತುಂಬಿದ ಡೀಪ್ ಫ್ರೀಜರಿನ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ ಸುಮಾರು 24 ಗಂಟೆ ಹೆಪ್ಪು ನಿಲ್ಲುತ್ತದೆ. ಖಾಲಿ ಜಾಗವನ್ನು ನೀರಿನ ಬಾಟಲಿಗಳಿಂದ ತುಂಬಿಸಿಡಿ. ಗಾಳಿಗೆ ಮರ ಬಿದ್ದು ಲೈನು ಹೋದರೆ ಮೂರು ದಿನ ಕರೆಂಟು ಬಾರದ ಹಳ್ಳಿ ನಿಮ್ಮದಾದರೆ ಎಲ್ಲ ಸರಕನ್ನೂ ಫ್ರೀಜರಿಗೆ ನಂಬಿಸಬೇಡಿ, ಒಂದು ಪಾಲನ್ನು ಬಾಟಲಿಯಲ್ಲಿ ಇಟ್ಟುಕೊಳ್ಳಿ.

ಬಾಟಲಿಯ ಶರಬತ್ತಿನಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು ಸಂರಕ್ಷಕದ್ದು. ನಿಂಬೆ, ಮಾವಿನ ಸ್ಕ್ವಾಷ್‌ಗೆ ಹಾಕುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಅನ್ನು ನೇರಳೆ, ಮುರುಗಲಿಗೆ ಹಾಕಿದರೆ ಅದರಿಂದ ಹೊರಡುವ ಗಂಧಕದ ಡೈಆಕ್ಸೈಡ್ ಆಂಥೋಸಯನಿನ್ ಬಣ್ಣವನ್ನು ಬಿಳಿಚಿಸುತ್ತದೆ. ಇಂಥ ಗಾಢ ಬಣ್ಣದ ಹುಳಿ ರಸಗಳಿಗೆ ಸೋಡಿಯಂ ಬೆಂಜೋಯೇಟ್ ಅನ್ನು ಕಾನೂನಿನ ಮಿತಿಯೊಳಗೆ ಬಳಸುವುದು ರೂಢಿ. ಆಗ ಸಿ ಜೀವಸತ್ವದ ಪುಡಿಯನ್ನು ಅದರೊಂದಿಗೆ ಹಾಕಬಾರದು, ಎರಡೂ ಸೇರಿದರೆ ಅತ್ಯಲ್ಪ ಪ್ರಮಾಣದಲ್ಲಿ ಬೆಂಜೀನ್ ಹುಟ್ಟುವ ಸಾಧ್ಯತೆಯಿದೆ. ಬಾಟಲಿಯನ್ನು ಅಂಗಡಿಯ ಕಿಟಕಿಯ ಬಿಸಿಲಿಗೆ ಚೆಂದ ಕಾಣಲೆಂದು ಜೋಡಿಸುವುದನ್ನೂ ನಿಲ್ಲಿಸಿ. ಜಾಮಿನ ಬಗ್ಗೆ ಹೇಳುವುದಿಷ್ಟೆ: ಸಣ್ಣ ಪ್ರಮಾಣದಲ್ಲಿ, ಅಗಲ ಪಾತ್ರೆಯಲ್ಲಿ, ಬೇಗ ಮುಗಿಸಿ, ಗಂಟೆಗಟ್ಟಲೆ ಕುದಿಸಿದ ಜಾಮಿನಲ್ಲಿ ಸಕ್ಕರೆ ಉಳಿಯುತ್ತದೆ, ಬಣ್ಣದ ಸತ್ವ ಉಳಿಯುವುದು ಕಡಿಮೆ.

ಅಡಿಕೆ ಡ್ರೈಯರ್‌ನಲ್ಲಿ ನೇರಳೆ ಒಣಗಿಸಬಹುದೇ ಎಂದರೆ, ಹೊಗೆ ಹಣ್ಣಿಗೆ ತಾಗದೆ ಬಿಸಿ ಗಾಳಿ ಮಾತ್ರ ಬರುವ ರಚನೆಯಾಗಿದ್ದರೆ 55ರಿಂದ 60 ಡಿಗ್ರಿಯಲ್ಲಿ ಒಣಗಿಸಬಹುದು. ಹೊಗೆ ತಾಗುವ ಡ್ರೈಯರ್ ಬೇಡ. ಬಿಸಿಲಿನಲ್ಲಿ ಬಣ್ಣ ಹೋಗುತ್ತದೆ, ಜೂನ್‌ನಲ್ಲಿ ನೆರಳಿನಲ್ಲಿ ಒಣಗುವ ಮುಂಚೆ ಬೂಸಲು ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಡ್ರೈಯರ್ ಸಲ್ಲುವುದು ಮುರುಗಲು ಸಿಪ್ಪೆಗೆ. ಅದರ ಹುಳಿ ಬಣ್ಣವನ್ನು ಕಾಯುತ್ತದೆ, ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಮತ್ತೆ ಮತ್ತೆ ಒಣಗಿಸುವ ನಮ್ಮ ಹಿರಿಯರ ಕ್ರಮದಲ್ಲಿ ಬಣ್ಣ ಸಿಪ್ಪೆಯಲ್ಲೇ ಸೇರುತ್ತದೆ. ಒಣಗಿದ್ದನ್ನು ಅದೇ ದಿನ ಗಾಳಿಯಾಡದ ಡಬ್ಬಿಗೆ ಹಾಕಿ, ಆಷಾಢದ ಹವೆಗೆ ಒಂದು ರಾತ್ರಿ ಬಿಟ್ಟರೂ ಅದು ಮತ್ತೆ ತೇವ ಎಳೆದುಕೊಳ್ಳುತ್ತದೆ.

ಲೇಬಲ್‌ನ ಮಾತು. ಪ್ರಯೋಗಾಲಯದ ಗಾಜಿನ ನಳಿಗೆಯಲ್ಲಿ ಕಾಣುವ ಆಂಟಿಆಕ್ಸಿಡೆಂಟ್ ಶಕ್ತಿ ದೇಹದೊಳಗೆ ಹಾಗೆಯೇ ನಡೆಯುತ್ತದೆ ಎಂದು ಹೇಳಲಾಗದು. ಈ ಕಾರಣಕ್ಕಾಗಿಯೇ ಅಮೆರಿಕದ ಕೃಷಿ ಇಲಾಖೆ ಆಹಾರಗಳ ಓರಾಕ್ (ನಳಿಗೆಯಲ್ಲಿ ಅಳೆದ ಆಂಟಿಆಕ್ಸಿಡೆಂಟ್ ಸಾಮರ್ಥ್ಯ) ಅಂಕಿಗಳ ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು. ನಮ್ಮಲ್ಲಿ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿಯ ಪ್ರಕಾರ ಲೇಬಲ್‌ನ ಹೇಳಿಕೆಗೆ ಆಧಾರ ಇರಬೇಕು, ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎಂಬಂಥ ಮಾತನ್ನಂತೂ ಹಾಕುವಂತಿಲ್ಲ. ಸಕ್ಕರೆ ಸುರಿದು ಮಾಡಿದ ನೇರಳೆ ಜಾಮಿಗೆ ಆ ಹೆಸರು ಕೊಡುವುದು ರೋಗಿಗಳಿಗೆ ನೇರವಾಗಿ ಅಪಾಯ. ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐಯಲ್ಲಿ ನೋಂದಣಿ ಮಾಡಿಸಿ. ಹಣ್ಣಿನ ಹೆಸರು, ಊರು, ಕೊಯ್ದ ತಿಂಗಳು, ತಿರುಳಿನ ಪ್ರಮಾಣ, ಸಕ್ಕರೆಯ ಪ್ರಮಾಣ ಇಷ್ಟನ್ನು ಸ್ಪಷ್ಟವಾಗಿ ಮುದ್ರಿಸಿ. ಮಲೆನಾಡಿನ ಕಾಡುಹಣ್ಣಿಗೆ ಗ್ರಾಹಕರು ಬೆಲೆ ಕೊಡುವುದಕ್ಕೆ ಅಷ್ಟು ಸಾಕು ಎಂದು ನಾನು ನಂಬುತ್ತೇನೆ. ತಿರುಳಿನ ಪರೀಕ್ಷೆ ಅಥವಾ ತರಬೇತಿ ಬೇಕಾದರೆ ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವನ್ನೋ ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯನ್ನೋ ವಿಚಾರಿಸಿ.

ಇನ್ನು ಕಳೆದ ವರ್ಷದ ತಿರುಳು. ಅದು ಒಮ್ಮೆ ಕರಗಿ ಅರ್ಧ ದಿನ ಹೊರಗಿದ್ದು ಮತ್ತೆ ಫ್ರೀಜರಿಗೆ ಹೋದದ್ದಾದರೆ ಮಾರಾಟಕ್ಕೂ ಮನೆ ಬಳಕೆಗೂ ಬೇಡ. ಹೊರಗಿದ್ದ ಹೊತ್ತಿನಲ್ಲಿ ಏನೇನು ಬೆಳೆದಿತ್ತೆಂದು ನೋಡಿ ಹೇಳಲಾಗದು, ಗೊಬ್ಬರದ ಗುಂಡಿಗೆ ಹಾಕಿ. ಒಮ್ಮೆಯೂ ಕರಗದೆ ಉಳಿದ ಪೊಟ್ಟಣಗಳಿದ್ದರೆ ಅವನ್ನು ಗಟ್ಟಿಯಾಗಿರುವಾಗಲೇ ಬಿಸಿಗೆ ಹಾಕಿ ಮೇಲೆ ಹೇಳಿದಂತೆ ತಿರುಳು ಮಾಡಿ, ಸ್ವಲ್ಪ ನಿಂಬೆರಸ ಬೆರೆಸಿ ಬಣ್ಣ ನೋಡಿ. ಕೆಂಪು ತಿರುಗಿದರೆ ಅದರಲ್ಲಿ ಆಂಥೋಸಯನಿನ್ ಇನ್ನೂ ಇದೆ, ವಾಸನೆಯೂ ಚೆನ್ನಾಗಿದ್ದರೆ ಮನೆಯ ಶರಬತ್ತಿಗೆ ಬಳಸಿ. ಹುಳಿ ಹಾಕಿದರೂ ಕಂದಾಗಿಯೇ ಉಳಿದರೆ ಬಣ್ಣದ ಸತ್ವ ಬಹುಮಟ್ಟಿಗೆ ಹೋಗಿದೆ, ಅದನ್ನು ನಿಮ್ಮ ಸಂಘದ ಹೆಸರಿನ ಬಾಟಲಿಗೆ ತುಂಬಬೇಡಿ.